ಮಾರಿಯೋ ಬಂದ, ಸೌಂಡ್ ಬರಲಿಲ್ಲ: ಮನೆಯಲ್ಲೇ ಕ್ಯಾಸೆಟ್ ಮಾಡಿದ ಕಥೆ

ಚಿತ್ರ ಬಂತು. ಮಾರಿಯೋ ಓಡಿದ, ಹಾರಿದ, ಇಟ್ಟಿಗೆಗೆ ಗುದ್ದಿ ನಾಣ್ಯ ತೆಗೆದ. ಆದರೆ ಸದ್ದೇ ಇಲ್ಲ. ಟಿವಿ ವಾಲ್ಯೂಮ್ ಪೂರ್ತಿ ಏರಿಸಿದರೂ ಸೊಯ್ಯ್ ಅನ್ನುವ ಶಬ್ದ ಬಿಟ್ಟರೆ ಬೇರೇನೂ ಕೇಳಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ, ಹಳೇ ವಿಡಿಯೋ ಗೇಮ್ ಹಾಕಿದಾಗ ಆಗಿದ್ದು ಇದು. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನ ಮಗ, "ಅಣ್ಣಾ, ಟಿವೀನೇ ಏನಾದ್ರೂ ಕೆಟ್ಟಿದ್ಯಾ?" ಅಂದ. ಟಿವಿ ಸರಿ ಇತ್ತು. ಬೇರೆ ಕ್ಯಾಸೆಟ್ ಹಾಕಿದರೆ ಸೌಂಡ್ ಚೆನ್ನಾಗೇ ಬರುತ್ತಿತ್ತು. ತಪ್ಪಿದ್ದದ್ದು ನಾನು ಕೈಯಾರೆ ಬೆಸುಗೆ ಹಾಕಿ ಮಾಡಿದ ಕ್ಯಾಸೆಟ್ಟಿನಲ್ಲೇ. ಎಲ್ಲಿ ತಪ್ಪಿದೆ ಅಂತ ಹುಡುಕಲು ಎರಡು ಸಂಜೆ ಹಿಡಿಯಿತು. ಸಿಕ್ಕಿದ ಮೇಲೆ, ಕ್ಯಾಸೆಟ್ ಅಂದರೆ ಆಟ ತುಂಬಿಟ್ಟ ಡಬ್ಬಿ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೇ ತಪ್ಪು ಅಂತ ಗೊತ್ತಾಯಿತು.

ಕ್ಯಾಸೆಟ್ ಅಂತಲೇ ಬರೆಯುತ್ತೇನೆ. ಕಾರ್ಟ್ರಿಜ್ ಅನ್ನುವ ಪದ ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷ ಆದ ಮೇಲೆ. 90ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದದ್ದು ಮೀಡಿಯಾ, ಲಿಟ್ಲ್ ಮಾಸ್ಟರ್ ಥರದ ಹೆಸರಿನ ಸೆಟ್‌ಗಳು. ಎಲ್ಲವೂ ಒಂದೇ ಮಷೀನಿನ ನಕಲು: 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್. ಅಮೆರಿಕಕ್ಕೆ ಅದೇ ಮಷೀನು 1985ರಲ್ಲಿ ಎನ್‌ಇಎಸ್ ಅನ್ನುವ ಹೆಸರಲ್ಲಿ, ದೊಡ್ಡ ಬೂದು ಪೆಟ್ಟಿಗೆಯಾಗಿ ಹೋಯಿತು. ಅಲ್ಲಿಯ ಕ್ಯಾಸೆಟ್ಟಿಗೆ 72 ಪಿನ್, ಜಪಾನಿನದಕ್ಕೆ 60. ನಮ್ಮಲ್ಲಿಗೆ ಬಂದ ನಕಲುಗಳು 60 ಪಿನ್ನಿನವು. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಅಪ್ಪ ನಮಗೆ ಸೆಟ್ ತಂದುಕೊಟ್ಟಾಗ ಜೊತೆಗೆ ಬಂದದ್ದು ಹಳದಿ ಬಣ್ಣದ ಮಾರಿಯೋ ಕ್ಯಾಸೆಟ್. ಮೇಲಿನ ಸ್ಟಿಕ್ಕರ್ ಅರ್ಧ ಕಿತ್ತುಹೋಗಿದೆ, ಹಿಂದೆ ನನ್ನ ಮತ್ತು ತಂಗಿಯ ಹೆಸರು ಬಾಲ್ ಪೆನ್ನಿನಲ್ಲಿ ಬರೆದಿದೆ. ಎರಡು ವರ್ಷದ ಹಿಂದೆ ಅಟ್ಟದಿಂದ ಇಳಿಸಿ ಹಾಕಿ ನೋಡಿದರೆ ಪರದೆ ತುಂಬ ಚೂರುಚೂರು ಅಕ್ಷರ. ಪಿನ್ನುಗಳನ್ನು ಸ್ಪಿರಿಟ್ ಹಾಕಿ ಒರೆಸಿದೆ, ರಬ್ಬರ್ ಹಾಕಿ ಉಜ್ಜಿದೆ, ಏನೂ ಆಗಲಿಲ್ಲ. ಒಂದು ಮಾತು, ದಯವಿಟ್ಟು ಬಾಯಿಂದ ಊದಬೇಡಿ. ನಾವೆಲ್ಲ ಚಿಕ್ಕವರಿದ್ದಾಗ ಉಫ್ ಅಂತ ಊದಿಯೇ ಆಡಿದ್ದು ನಿಜ, ಆದರೆ ಬಾಯಿಯ ತೇವ ಪಿನ್ನುಗಳನ್ನು ನಿಧಾನಕ್ಕೆ ಹಾಳುಮಾಡುತ್ತದೆ.

ಬಿಚ್ಚಿ ನೋಡಿದೆ. ಅಷ್ಟು ದೊಡ್ಡ ಡಬ್ಬಿಯೊಳಗೆ ಒಂದು ಪುಟ್ಟ ಬೋರ್ಡು, ಅದರ ನಡುವೆ ಕರಿ ಅಂಟಿನ ಗುಂಡು. ಚಿಪ್ಪನ್ನು ನೇರ ಬೋರ್ಡಿನ ಮೇಲೆ ಕೂರಿಸಿ, ಕೂದಲಿಗಿಂತ ಸಣ್ಣ ತಂತಿಗಳಿಂದ ಜೋಡಿಸಿ, ಮೇಲೆ ಎಪಾಕ್ಸಿ ಸುರಿದಿರುತ್ತಾರೆ. ಅಗ್ಗಕ್ಕೆ ಮಾಡುವ ವಿಧಾನ. ಒಳಗೆ ಒಂದು ತಂತಿ ಕಿತ್ತುಬಂದರೂ ಮುಗಿಯಿತು, ರಿಪೇರಿ ಅನ್ನುವ ಮಾತೇ ಇಲ್ಲ. ಆದರೆ ಡಬ್ಬಿ ಗಟ್ಟಿಯಾಗಿತ್ತು, ಅಂಚಿನ 60 ಪಿನ್ನೂ ಚೆನ್ನಾಗಿದ್ದವು. ಸರಿ, ಒಳಗಿನ ಜೀವ ಹೋಗಿದ್ದರೆ ಬೇರೆ ಜೀವ ಹಾಕೋಣ ಅಂತ ಶುರು ಮಾಡಿದೆ.

ಮಾರಿಯೋ ಇದಕ್ಕೆ ಒಳ್ಳೆಯ ಮೊದಲ ಪಾಠ. 1985ರ ಆ ಆಟದಲ್ಲಿ ಪ್ರೋಗ್ರಾಮಿಗೆ 32 ಕಿಲೋಬೈಟ್, ಚಿತ್ರಗಳಿಗೆ 8 ಕಿಲೋಬೈಟ್, ಒಟ್ಟು 40. ಎರಡೇ ಚಿಪ್ಪು ಸಾಕು, ನಡುವೆ ಬೇರೆ ಯಾವ ಐಸಿಯೂ ಬೇಡ. ಅಮೆರಿಕದ ಎನ್‌ಇಎಸ್‌ನಲ್ಲಿ ಬೀಗದ ಚಿಪ್ ಅಂತ ಒಂದಿದೆ, ಕ್ಯಾಸೆಟ್ಟಿನಲ್ಲಿ ಅದರ ಜೋಡಿ ಇಲ್ಲದಿದ್ದರೆ ಮಷೀನು ಪದೇಪದೇ ರೀಸೆಟ್ ಆಗುತ್ತಲೇ ಇರುತ್ತದೆ. ಫ್ಯಾಮಿಕಾಮ್‌ನಲ್ಲಿ ಆ ಬೀಗವೇ ಇಲ್ಲ, ಹಾಗಾಗಿ ನಮ್ಮ ನಕಲು ಸೆಟ್‌ಗಳಲ್ಲೂ ಇಲ್ಲ. ಮನೆಯಲ್ಲಿ ಕೂತು ಮಾಡುವವರಿಗೆ ದೊಡ್ಡ ತಲೆನೋವು ಅಲ್ಲಿಗೇ ತಪ್ಪಿತು.

ಆಟದ ಫೈಲ್ ಎಲ್ಲಿಂದ ಅಂತ ಕೇಳುತ್ತೀರಿ. ನನ್ನ ಹತ್ತಿರ ಜಪಾನಿನಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಒರಿಜಿನಲ್ ಮಾರಿಯೋ ಕ್ಯಾಸೆಟ್ ಇದೆ. ಅದನ್ನು ಯುಎಸ್‌ಬಿ ರೀಡರಿಗೆ ಹಾಕಿ ಓದಿಸಿದೆ. ಬಂದ ಫೈಲ್ 40,976 ಬೈಟ್. 40 ಕಿಲೋಬೈಟ್ ಅಂದರೆ 40,960 ತಾನೇ? ಉಳಿದ 16 ಬೈಟ್ ಹೆಡರ್. ಎಮ್ಯುಲೇಟರಿಗೆ (ಕಂಪ್ಯೂಟರಿನಲ್ಲಿ ಈ ಮಷೀನಿನಂತೆ ನಟಿಸುವ ಪ್ರೋಗ್ರಾಮ್) ಇದು ಎಷ್ಟು ದೊಡ್ಡ ಆಟ, ಒಳಗೆ ಎಂಥ ಬೋರ್ಡು ಅಂತ ಹೇಳಲು ಮುಂದೆ ಅಂಟಿಸಿದ ಚೀಟಿ. ನಿಜವಾದ ಮಷೀನಿಗೆ ಅದು ಬೇಡ, ಇರಲೂ ಬಾರದು. ಮೊದಲ ಸಲ ನಾನು ಹೆಡರ್ ಕತ್ತರಿಸದೆ ಹಾಗೇ ಚಿಪ್ಪಿಗೆ ಬರೆದಿದ್ದೆ. ಪ್ರತಿ ಬೈಟೂ 16 ಮನೆ ಮುಂದಕ್ಕೆ ಸರಿದಿತ್ತು. ಆನ್ ಆದ ತಕ್ಷಣ ಸಿಪಿಯು ತನ್ನ ವಿಳಾಸಪಟ್ಟಿಯ ತುತ್ತತುದಿಗೆ ಹೋಗಿ, 'ಎಲ್ಲಿಂದ ಶುರು ಮಾಡಲಿ' ಅಂತ ಓದುತ್ತದೆ. ಅಲ್ಲಿ ಬೇರೆ ಏನೋ ಇತ್ತು. ಪರದೆಯ ಮೇಲೆ ಬರೀ ಒಂದೇ ಬಣ್ಣ.

ಚಿಪ್ಪುಗಳಿಗೆ ಎಸ್‌ಪಿ ರೋಡಿಗೆ ಹೋದೆ. ಬೆಂಗಳೂರಲ್ಲಿ ಇದ್ದು ಎಲೆಕ್ಟ್ರಾನಿಕ್ಸ್ ಹುಚ್ಚಿದ್ದವರಿಗೆ ಆ ರಸ್ತೆ ಹೇಳಿಕೊಡಬೇಕಿಲ್ಲ. ಬೇಕಿದ್ದದ್ದು 27ಸಿ256, ನೆತ್ತಿಯ ಮೇಲೆ ಗಾಜಿನ ಕಿಟಕಿ ಇರುವ ಹಳೇ ಈಪ್ರಾಮ್, ಅಂದರೆ ಬರೆದು ಅಳಿಸಿ ಮತ್ತೆ ಬರೆಯಬಹುದಾದ 32 ಕಿಲೋಬೈಟಿನ ಮೆಮೊರಿ ಚಿಪ್. ಮೂರು ಅಂಗಡಿಯಲ್ಲಿ ಇಲ್ಲ ಅಂದರು, ನಾಲ್ಕನೆಯವರು ಒಳಗಿನಿಂದ ಡಬ್ಬಿ ತಂದು ಸುರಿದರು. ಹಳೇ ಬೋರ್ಡುಗಳಿಂದ ಕಿತ್ತ ಚಿಪ್ಪುಗಳು, ಕೆಲವಕ್ಕೆ ಇನ್ನೂ ಯಾವುದೋ ಮಷೀನಿನ ಲೇಬಲ್ ಅಂಟಿಕೊಂಡಿತ್ತು. ಹತ್ತು ಆರಿಸಿಕೊಂಡೆ. ಜೊತೆಗೆ ಐಸಿ ಬೇಸ್ (ಚಿಪ್ಪನ್ನು ಬೆಸುಗೆ ಇಲ್ಲದೆ ಕೂರಿಸಿ ತೆಗೆಯುವ ಪೀಠ), 104 ಕೆಪ್ಯಾಸಿಟರ್, 30 ಗೇಜಿನ ತೆಳು ವೈರು, ಪೇಸ್ಟು, ಲೆಡ್.

ಈ ಚಿಪ್ಪುಗಳ ಕೆಲಸ ನನಗೆ ತುಂಬಾ ಇಷ್ಟ. ಖಾಲಿ ಚಿಪ್ಪಿನಲ್ಲಿ ಎಲ್ಲ ಬಿಟ್ಟುಗಳೂ 1. ಬರೆಯುವುದು ಅಂದರೆ ಬೇಕಾದ ಕಡೆ 1 ಅನ್ನು 0 ಮಾಡುವುದು. 0 ಅನ್ನು ಮತ್ತೆ 1 ಮಾಡಲು ಪ್ರೋಗ್ರಾಮರಿಗೆ (ಚಿಪ್ಪಿಗೆ ಬರೆಯುವ ಸಾಧನಕ್ಕೆ) ಆಗುವುದಿಲ್ಲ, ಅದಕ್ಕೆ ಅಲ್ಟ್ರಾವೈಲೆಟ್ ಬೆಳಕೇ ಬೇಕು. ಆ ಗಾಜಿನ ಕಿಟಕಿ ಇರುವುದು ಅದಕ್ಕೆ. ಇರೇಸರ್ ಅಂತ ಒಂದು ಚಿಕ್ಕ ಡಬ್ಬಿ ಸಿಗುತ್ತದೆ, ಒಳಗೆ ಲ್ಯಾಂಪು, ಚಿಪ್ಪಿಟ್ಟು ಮುಚ್ಚಿ ಸುಮಾರು 20 ನಿಮಿಷ ಬಿಟ್ಟರೆ ಅಳಿಸಿಹೋಗುತ್ತದೆ. ಲ್ಯಾಂಪು ಉರಿಯುವಾಗ ಡಬ್ಬಿ ತೆಗೆದು ಇಣುಕಬೇಡಿ, ಕಣ್ಣಿಗೆ ನಿಜಕ್ಕೂ ಅಪಾಯ. ಅಳಿಸಿದ ಮೇಲೆ ಪ್ರೋಗ್ರಾಮರಿನಲ್ಲಿ ಬ್ಲ್ಯಾಂಕ್ ಚೆಕ್, ಅಂದರೆ ಪೂರ್ತಿ ಖಾಲಿಯಾಗಿದೆಯೇ ಅನ್ನುವ ಪರೀಕ್ಷೆ, ಮಾಡಲೇಬೇಕು. ನನ್ನ ಹತ್ತರಲ್ಲಿ ಮೂರು ಎಷ್ಟು ಹೊತ್ತು ಇಟ್ಟರೂ ಪೂರ್ತಿ ಅಳಿಯಲಿಲ್ಲ, ಪಕ್ಕಕ್ಕಿಟ್ಟೆ. ನಾನು ಬಳಸುವ ಪ್ರೋಗ್ರಾಮರ್ ಟಿಎಲ್866. ಬರೆದು ಮುಗಿದ ಮೇಲೆ ಕಿಟಕಿಗೆ ಬೆಳಕು ದಾಟದ ಸ್ಟಿಕ್ಕರ್ ಅಂಟಿಸಿ, ಮೇಲೆ ಹೆಸರು, ತಾರೀಕು ಬರೆಯಿರಿ. ಬಿಸಿಲಿನಲ್ಲೂ ಇದೇ ಬೆಳಕು ಸ್ವಲ್ಪ ಇರುತ್ತದೆ.

ಚಿತ್ರದ ಚಿಪ್ಪಿಗೂ 27ಸಿ256ನ್ನೇ ಬಳಸಿದೆ. 8 ಕಿಲೋಬೈಟಿಗೆ ಅದು ದೊಡ್ಡದು, ಆದರೆ ಕೈಯಲ್ಲಿದ್ದದ್ದು ಅದೇ. ಜಾಸ್ತಿ ಇರುವ ಎರಡು ವಿಳಾಸದ ಪಿನ್ನುಗಳನ್ನು (ಎಷ್ಟನೇ ಬೈಟ್ ಬೇಕು ಅಂತ ಚಿಪ್ಪಿಗೆ ಹೇಳುವ ಪಿನ್ನುಗಳು ಇವು) ಗ್ರೌಂಡಿಗೆ ಕಟ್ಟಿ, ಫೈಲನ್ನು ಚಿಪ್ಪಿನ ಆರಂಭದಲ್ಲೇ ಬರೆದರೆ ಸರಿಹೋಗುತ್ತದೆ.

ಆಮೇಲೆ ಬೆಸುಗೆ. ಹಳೇ ಬೋರ್ಡಿನಲ್ಲಿ ಕರಿ ಗುಂಡಿಗೆ ಹೋಗುವ ಗೆರೆಗಳನ್ನೆಲ್ಲ ಬ್ಲೇಡಿನಿಂದ ಕೆರೆದು ಕತ್ತರಿಸಿ, ಅಂಚಿನ ಪಿನ್ನುಗಳಿಂದ ಒಂದೊಂದೇ ತೆಳು ವೈರು ಎಳೆದು ಚಿಪ್ಪಿಗೆ ಸೇರಿಸುತ್ತಾ ಹೋಗಬೇಕು. ಪ್ರೋಗ್ರಾಮ್ ಚಿಪ್ಪಿಗೆ 15 ವಿಳಾಸ, ಓದಿದ ಬೈಟ್ ಹೊರತರುವ 8 ಡೇಟಾ, ಈಗ ನಿನ್ನ ಸರದಿ ಅಂತ ಚಿಪ್ಪಿಗೆ ಹೇಳುವ ಒಂದು ಸೆಲೆಕ್ಟ್. ಚಿತ್ರದ ಚಿಪ್ಪಿಗೆ 13 ವಿಳಾಸ, 8 ಡೇಟಾ, ಸೆಲೆಕ್ಟ್, ರೀಡ್. ಮೇಲೆ ಕರೆಂಟು, ಗ್ರೌಂಡು. ಐವತ್ತಕ್ಕೂ ಜಾಸ್ತಿ ವೈರು. ಪ್ರತಿಯೊಂದನ್ನೂ ಹಾಕಿದ ಕೂಡಲೇ ಮಲ್ಟಿಮೀಟರ್ ಇಟ್ಟು ಬೀಪ್ ಕೇಳಿಕೊಂಡೇ ಮುಂದಿನದಕ್ಕೆ ಹೋಗುತ್ತಿದ್ದೆ, ಪಕ್ಕದ ಪಿನ್ನಿಗೆ ಬೀಪ್ ಬರುತ್ತಿಲ್ಲ ಅನ್ನುವುದನ್ನೂ ನೋಡಿಕೊಂಡು. ಮೂರು ಭಾನುವಾರ ಹಿಡಿಯಿತು. ಚಿಪ್ಪನ್ನು ಬೇಸಿನಲ್ಲಿ ಕೂರಿಸಿದರೆ ಡಬ್ಬಿ ಮುಚ್ಚುವುದಿಲ್ಲ, ಎತ್ತರ ಜಾಸ್ತಿ. ಮೊದಲು ಬೇಸಿನಲ್ಲಿ ಪರೀಕ್ಷೆ ಮಾಡಿ, ಆಮೇಲೆ ನೇರ ಬೆಸುಗೆ ಹಾಕಿದೆ.

ಈ ಕೆಲಸ ಮಾಡುವಾಗಲೇ ಒಂದು ವಿಷಯ ಮನಸ್ಸಿಗೆ ಬರತೊಡಗಿತು. ಪೆನ್‌ಡ್ರೈವ್ ಹಾಕಿದರೆ ಕಂಪ್ಯೂಟರ್ ಅದರಿಂದ ಫೈಲನ್ನು ತನ್ನ ಮೆಮೊರಿಗೆ ತಂದುಕೊಂಡು ಓಡಿಸುತ್ತದೆ. ಇಲ್ಲಿ ಹಾಗಿಲ್ಲ. ಸೆಟ್ ಒಳಗೆ ಸಿಪಿಯುಗೆ ಇರುವ ರ‍್ಯಾಮ್ ಬರೀ 2 ಕಿಲೋಬೈಟ್. 40 ಕಿಲೋಬೈಟಿನ ಆಟವನ್ನು ತಂದಿಟ್ಟುಕೊಳ್ಳಲು ಜಾಗವೇ ಇಲ್ಲ. ಸಿಪಿಯು ಪ್ರತಿ ಸೂಚನೆಯನ್ನೂ ಆ ಕ್ಷಣಕ್ಕೆ ಕ್ಯಾಸೆಟ್ಟಿನ ಚಿಪ್ಪಿನಿಂದಲೇ ಓದುತ್ತದೆ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಚಿತ್ರದ ಚಿಪ್ಪಂತೂ ಸಿಪಿಯು ಕಡೆಗೆ ಹೋಗುವುದೇ ಇಲ್ಲ, ಅದರ ವೈರುಗಳು ನೇರ ಚಿತ್ರ ಬಿಡಿಸುವ ಪಿಪಿಯು ಚಿಪ್ಪಿಗೆ. ಕ್ಯಾಸೆಟ್ ತೆಗೆದರೆ ಉಳಿಯುವುದು ಅರ್ಧ ಕಂಪ್ಯೂಟರ್. ನಾನು ಕೈಯಲ್ಲಿ ಮಾಡುತ್ತಿದ್ದದ್ದು ಇನ್ನರ್ಧ.

ಸೆಟ್ ಒಳಗಿರುವ ಚಿತ್ರದ ರ‍್ಯಾಮ್ ಹೇಗೆ ಕೆಲಸ ಮಾಡಬೇಕು ಅಂತ ಹೇಳುವುದೂ ಕ್ಯಾಸೆಟ್ಟೇ. ಆ ರ‍್ಯಾಮಿನಲ್ಲಿ ಎರಡು ಪರದೆಯಷ್ಟು ಹಿನ್ನೆಲೆ ಹಿಡಿಯುತ್ತದೆ. ಎರಡನ್ನು ಅಕ್ಕಪಕ್ಕ ಇಡಬೇಕೋ, ಮೇಲೆ ಕೆಳಗೆ ಇಡಬೇಕೋ ಅನ್ನುವುದು ಕ್ಯಾಸೆಟ್ಟಿನ ಒಂದೇ ಒಂದು ವೈರಿನ ಮೇಲೆ ನಿಂತಿದೆ: 18ನೇ ಪಿನ್ನನ್ನು ಪಿಪಿಯು ವಿಳಾಸದ 10ನೇ ಗೆರೆಗೆ ಕಟ್ಟಿದರೆ ಅಕ್ಕಪಕ್ಕ, 11ನೆಯದಕ್ಕೆ ಕಟ್ಟಿದರೆ ಮೇಲೆ ಕೆಳಗೆ. ಮಾರಿಯೋ ಬಲಕ್ಕೆ ಓಡುವ ಆಟ, ಅದಕ್ಕೆ ಅಕ್ಕಪಕ್ಕ ಬೇಕು. ಬೇಕಂತಲೇ ಒಂದು ಸಲ ತಪ್ಪಾಗಿ ಕಟ್ಟಿ ನೋಡಿದೆ. ಓಡುತ್ತಾ ಹೋದ ಹಾಗೆ ಪರದೆಯ ಅಂಚಿನಲ್ಲಿ ಹಳೇ ಬೆಟ್ಟಗುಡ್ಡಗಳೇ ಮುರಿದುಬಿದ್ದು ಬರತೊಡಗಿದವು. ಒಂದು ವೈರಿಗೆ ಅಷ್ಟು ಶಕ್ತಿ!

ಈಗ ಸೌಂಡಿನ ವಿಷಯಕ್ಕೆ ಬರುತ್ತೇನೆ.

ಊರಲ್ಲಿ ಎರಡನೇ ಸಂಜೆ, ಸರಿಯಾಗಿ ಸೌಂಡ್ ಬರುವ ಇನ್ನೊಂದು ಕ್ಯಾಸೆಟ್ ಬಿಚ್ಚಿ ನನ್ನದರ ಪಕ್ಕ ಇಟ್ಟು ಒಂದೊಂದೇ ಪಿನ್ ಹೋಲಿಸುತ್ತಾ ಬಂದೆ. 45ನೇ ಪಿನ್ನು ಮತ್ತು 46ನೇ ಪಿನ್ನು. ಅದರಲ್ಲಿ ಇವೆರಡರ ನಡುವೆ ಒಂದು ಪುಟ್ಟ ಗೆರೆ ಇತ್ತು. ಯಾವ ಚಿಪ್ಪಿಗೂ ಹೋಗದ, ಒಂದರಿಂದ ಹೊರಟು ಇನ್ನೊಂದಕ್ಕೆ ಸೇರಿ ಮುಗಿಯುವ ಗೆರೆ. ನನ್ನದರಲ್ಲೂ ಇತ್ತು. ಗುಂಡಿನ ಸುತ್ತ ಕೆರೆಯುವಾಗ ಅದನ್ನೂ ಕತ್ತರಿಸಿಬಿಟ್ಟಿದ್ದೆ.

ಫ್ಯಾಮಿಕಾಮ್‌ನಲ್ಲಿ ಸೌಂಡ್ ಹುಟ್ಟುವುದು ಸಿಪಿಯು ಚಿಪ್ಪಿನೊಳಗೆ. ಅಲ್ಲಿಂದ ಅದು ನೇರ ಟಿವಿಗೆ ಹೋಗುವುದಿಲ್ಲ. 45ನೇ ಪಿನ್ನಿನಲ್ಲಿ ಕ್ಯಾಸೆಟ್ಟಿಗೆ ಬಂದು, 46ನೆಯದರಲ್ಲಿ ವಾಪಸ್ ಹೋಗಿ, ಆಮೇಲೆ ಟಿವಿಗೆ. ಯಾಕೆ ಈ ಸುತ್ತುದಾರಿ? ಕ್ಯಾಸೆಟ್ ತನ್ನದೂ ಸ್ವಲ್ಪ ಸಂಗೀತ ಸೇರಿಸಬೇಕಿದ್ದರೆ ಸೇರಿಸಲಿ ಅಂತ. ಕೊನಾಮಿಯವರ ವಿಆರ್‌ಸಿ6 ಅನ್ನುವ ಚಿಪ್ ಇದ್ದ ಕ್ಯಾಸೆಟ್‌ಗಳು ಹೀಗೆಯೇ ಮೂರು ದನಿ ಹೆಚ್ಚಿಗೆ ಸೇರಿಸುತ್ತಿದ್ದವು. ಕ್ಯಾಸಲ್‌ವೇನಿಯಾ ಮೂರನೇ ಭಾಗದ 1989ರ ಜಪಾನಿ ಕ್ಯಾಸೆಟ್ ಅಂಥದ್ದು. ಅಮೆರಿಕದ ಮಷೀನಿನ 72 ಪಿನ್ನಿನಲ್ಲಿ ಈ ದಾರಿಯನ್ನು ಹಾಗೆ ಇಡಲಿಲ್ಲ, ಅಲ್ಲಿ ಅದೇ ಆಟ ಬೇರೆ ಚಿಪ್ಪಿನೊಂದಿಗೆ, ಆ ಮೂರು ದನಿಗಳಿಲ್ಲದೆ ಬಂತು. ಎರಡನ್ನೂ ಕೇಳಿ ನೋಡಿ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಹೆಚ್ಚಿನ ದನಿ ಇಲ್ಲದ ಕ್ಯಾಸೆಟ್ ಏನು ಮಾಡಬೇಕು? ಬಂದ ಸೌಂಡನ್ನು ಹಾಗೇ ವಾಪಸ್ ಕಳಿಸಬೇಕು. ಎರಡು ಪಿನ್ನಿಗೂ ಒಂದು ಚೂರು ವೈರು, ಅಷ್ಟೆ. ಕಾಲು ಇಂಚು ವೈರು ಬೆಸುಗೆ ಹಾಕಿ ಸ್ವಿಚ್ ಒತ್ತಿದೆ. ಆ ಟ್ಯೂನ್ ಶುರುವಾದಾಗ ಅಡುಗೆಮನೆಯಿಂದ ಅಮ್ಮ, "ಅಯ್ಯೋ, ಇದು ಮತ್ತೆ ಶುರುವಾಯ್ತಾ!" ಅಂತ ನಗುತ್ತಾ ಬಂದರು. ತಂಗಿಗೆ ವಿಡಿಯೋ ಕಾಲ್ ಮಾಡಿ ಕೇಳಿಸಿದೆವು. ಅವಳು ಮಾತಾಡದೆ ಪೂರ್ತಿ ಒಂದು ಲೆವೆಲ್ ಮುಗಿಯುವವರೆಗೂ ನೋಡಿದಳು.

ಮಾರಾಟದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಕ್ಯಾಸೆಟ್ ಫೋಟೋ ಹಾಕಿದ ದಿನದಿಂದ ನನಗೊಂದು ಮಾಡಿಕೊಡಿ, ದುಡ್ಡು ಕೊಡುತ್ತೇನೆ ಅಂತ ಜನ ಕೇಳುತ್ತಿದ್ದಾರೆ. ಇಲ್ಲ. ಆಟದ ಹಕ್ಕು ನಿಂಟೆಂಡೊದ್ದು, ಇವತ್ತಿಗೂ. ಮಾಡುವುದು ಹೇಗೆ ಅಂತ ಎಷ್ಟು ಹೊತ್ತು ಬೇಕಾದರೂ ಹೇಳಿಕೊಡುತ್ತೇನೆ, ಮಾರುವುದಿಲ್ಲ. ನಕಲು ಕ್ಯಾಸೆಟ್ಟಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಒರಿಜಿನಲ್ ಅಂತ ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅದಕ್ಕಿಂತ ಬೇಸರ, ಡಬ್ಬಿ ಮತ್ತು ಬೋರ್ಡಿಗೋಸ್ಕರ ಚೆನ್ನಾಗಿ ಓಡುತ್ತಿರುವ ಹಳೇ ಒರಿಜಿನಲ್ ಕ್ಯಾಸೆಟ್ ಒಂದನ್ನು ಬಲಿ ಕೊಡುವುದು. ಯಾರಿಗೂ ಬೇಡದ ಆಟ ಅಂತಾರೆ. ಯಾರಿಗೋ ಬೇಕಿರುತ್ತದೆ. ಹೊಸ ಬೋರ್ಡ್ ಮಾಡಿಸುವುದು ಈಗ ಕಷ್ಟವೇನಲ್ಲ, ಸತ್ತ ಕ್ಯಾಸೆಟ್‌ಗಳೂ ಬೇಕಾದಷ್ಟು ಸಿಗುತ್ತವೆ.

ಅಗ್ಗದ ನಕಲುಗಳಲ್ಲಿ ಇನ್ನೊಂದು ತೊಂದರೆ ಇದೆ. ಈ ಹಳೇ ಮಷೀನುಗಳು 5 ವೋಲ್ಟಿನವು. ಈಗಿನ ಫ್ಲ್ಯಾಶ್ ಚಿಪ್ಪುಗಳು ಹೆಚ್ಚಾಗಿ 3.3 ವೋಲ್ಟಿನವು. ನಡುವೆ ವೋಲ್ಟೇಜ್ ಹೊಂದಿಸುವ ಐಸಿ ಹಾಕದೆ ನೇರ ಜೋಡಿಸಿದರೂ ಆಟ ಓಡುತ್ತದೆ, ಅದಕ್ಕೇ ಹಾಗೆ ಮಾಡುತ್ತಾರೆ. ಆದರೆ ಚಿಪ್ಪಿಗೂ ಒಳ್ಳೆಯದಲ್ಲ, ನಿಮ್ಮ ಮಷೀನಿಗೂ ಒಳ್ಳೆಯದಲ್ಲ. ಹೊಸ ಚಿಪ್ಪೇ ಬೇಕಿದ್ದರೆ 39ಎಸ್‌ಎಫ್040 ತಗೊಳ್ಳಿ, 5 ವೋಲ್ಟಿನದು, ಲ್ಯಾಂಪಿಲ್ಲದೆ ಪ್ರೋಗ್ರಾಮರಿನಲ್ಲೇ ಅಳಿಸಬಹುದು.

ಬೋರ್ಡ್ ಮಾಡಿಸುವವರಿಗೆ: ದಪ್ಪ 1.2 ಮಿಲಿಮೀಟರ್ ಅಂತ ಹೇಳಿ. ಸಾಮಾನ್ಯವಾಗಿ ಕೊಡುವ 1.6 ಬಿಗಿಯಾಗಿ ಕೂತು ಸೆಟ್ಟಿನ ಕನೆಕ್ಟರ್ ಹಾಳಾಗುತ್ತದೆ. ಪಿನ್ನುಗಳಿಗೆ ಚಿನ್ನದ ಲೇಪ, ಅಂಚು ಓರೆಯಾಗಿ ಉಜ್ಜಿರಬೇಕು. ಮತ್ತೆ 45, 46 ಸೇರಿಸುವುದು ಮರೆಯಬೇಡಿ.

ಮುಂದೆ ಕಾಂಟ್ರಾ ಮಾಡುವ ಆಸೆ ಇದೆ. ಅದರ ಅಮೆರಿಕದ ಆವೃತ್ತಿ 128 ಕಿಲೋಬೈಟ್, ಆದರೆ ಸಿಪಿಯುಗೆ ಕ್ಯಾಸೆಟ್ಟಿನಲ್ಲಿ ಆಟಕ್ಕೆ ಅಂತ ಕಾಣುವುದು ಒಂದು ಸಲಕ್ಕೆ 32 ಮಾತ್ರ. ಹಾಗಾಗಿ 16ರ ಎಂಟು ತುಂಡು ಮಾಡಿ, ಕೊನೆಯ ತುಂಡನ್ನು ಯಾವಾಗಲೂ ಕಾಣುವ ಹಾಗೆ ಇಟ್ಟು, ಇನ್ನೊಂದನ್ನು ಬೇಕಾದಾಗ ಬದಲಿಸುತ್ತಾರೆ. ಇಷ್ಟಕ್ಕೆ ಎರಡೇ ಸಾಧಾರಣ ಐಸಿ ಸಾಕು: ತುಂಡಿನ ನಂಬರ್ ನೆನಪಿಡಲು 74161, ಕೊನೆಯ ತುಂಡನ್ನು ಹಿಡಿದಿಡಲು 7432. ಚಿತ್ರಗಳಿಗೆ ಮೊದಲೇ ಬರೆದಿಟ್ಟ ಚಿಪ್ಪಿನ ಬದಲು 6264 ರ‍್ಯಾಮ್. ಇಷ್ಟು ಚುರುಕಾದ ಉಪಾಯವನ್ನು ಇಷ್ಟು ಕಡಿಮೆ ಸಾಮಾನಿನಲ್ಲಿ ಮಾಡಿದವರನ್ನು ನೆನೆದರೆ ಖುಷಿಯಾಗುತ್ತದೆ. 128 ಕಿಲೋಬೈಟಿನ 27ಸಿ010 ಈಪ್ರಾಮ್ ಹಾಕುವವರು ಪಿನ್ನುಗಳ ಪಟ್ಟಿ ಇಟ್ಟುಕೊಂಡೇ ಕೂರಿ, ಹಳೇ 28 ಪಿನ್ನಿನ ಚಿಪ್ಪಿನಲ್ಲಿ ಒಂದು ವಿಳಾಸದ ಗೆರೆ ಇದ್ದ ಕಡೆ ಇದರಲ್ಲಿ ಔಟ್‌ಪುಟ್ ಎನೇಬಲ್ (ಡೇಟಾ ಹೊರಬಿಡು ಅಂತ ಹೇಳುವ ಪಿನ್) ಬಂದು ಕೂತಿರುತ್ತದೆ.

ಆದರೆ ಕಾಂಟ್ರಾಗಿಂತ ಮೊದಲು ಬೇರೊಂದು ಮಾಡಿದೆ. ಚೌಕಾಬಾರ. ನಮ್ಮ ಅಜ್ಜಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಆಡಿಸುತ್ತಿದ್ದ, ಐದಕ್ಕೆ ಐದು ಮನೆಯ ಅದೇ ಆಟ. ಸಿಸಿ65 ಅನ್ನುವ ಸಿ ಕಂಪೈಲರ್ ಬಳಸಿ ಬರೆದೆ. ನಾಲ್ಕು ಕವಡೆ, ಎಲ್ಲ ಅಂಗಾತ ಬಿದ್ದರೆ ಚೌಕ, ಎಲ್ಲ ಮಗುಚಿ ಬಿದ್ದರೆ ಬಾರ, ಎಂಟು. ಮಷೀನಿಗೆ ತಾನಾಗಿ ಕವಡೆ ಹಾಕಲು ಬರುವುದಿಲ್ಲ, ಅದಕ್ಕೆ ನೀವು ಬಟನ್ ಒತ್ತುವವರೆಗೆ ಒಂದು ಲೆಕ್ಕ ಸರಸರ ಓಡುತ್ತಿರುತ್ತದೆ, ಒತ್ತಿದ ಕ್ಷಣ ಎಲ್ಲಿತ್ತೋ ಅದೇ ನಿಮ್ಮ ಗರ.

ಕಷ್ಟ ಬಂದದ್ದು ಕನ್ನಡ ಅಕ್ಷರಕ್ಕೆ. ಈ ಮಷೀನಿನಲ್ಲಿ ಹಿನ್ನೆಲೆಗೆ ಸಿಗುವುದು 256 ಟೈಲು, ಒಂದೊಂದೂ 8ಕ್ಕೆ 8 ಚುಕ್ಕಿ. ಇಂಗ್ಲಿಷಿಗೆ ಒಂದಕ್ಷರ ಒಂದು ಟೈಲಿನಲ್ಲಿ ಮುಗಿಯುತ್ತದೆ. ನಮ್ಮ 'ಕಾ' ಅಲ್ಲಿ ಹಿಡಿಯುವುದೇ ಇಲ್ಲ. ನಾಲ್ಕು ಟೈಲು ಸೇರಿಸಿ 16ಕ್ಕೆ 16 ಮಾಡಿದರೆ ಚೆನ್ನಾಗಿ ಬರುತ್ತದೆ, ಆದರೆ ಆಗ 64 ಅಕ್ಷರಕ್ಕೇ ಜಾಗ ಮುಗಿಯಿತು, ಕಾಗುಣಿತ ಎಲ್ಲಿಂದ ತರುವುದು? ಪೂರ್ತಿ ವರ್ಣಮಾಲೆಯ ಆಸೆ ಬಿಟ್ಟು, ಆಟಕ್ಕೆ ಬೇಕಾದ ಪದಗಳ ಅಕ್ಷರ ಮಾತ್ರ ಬಿಡಿಸಿದೆ. 'ಚೌಕಾಬಾರ'ದಲ್ಲಿ ಒತ್ತಕ್ಷರ ಇಲ್ಲ, ಪುಣ್ಯ. 'ಚೌ'ಗೆ ಮಾತ್ರ ಅಗಲ ಜಾಸ್ತಿ ಬೇಕಾಯಿತು.

ಇದನ್ನು ಡಬ್ಬಿಗೆ ಹಾಕಿಲ್ಲ, ಬೇಸಿನಲ್ಲೇ ಚಿಪ್ ಇಟ್ಟು ಬಿಚ್ಚುಬೋರ್ಡಿನಲ್ಲೇ ಆಡುತ್ತಿದ್ದೇವೆ. ಹೋದ ವಾರ ತಂಗಿಯ ಮಗಳು ಬಂದಿದ್ದಳು, ಎರಡನೇ ಕ್ಲಾಸು. ಪರದೆ ನೋಡಿ ಜೋರಾಗಿ ಓದಿದಳು: "ನಿನ್ನ ಸರದಿ." ನಾನು ಬರೆದದ್ದು 'ನಿಮ್ಮ ಸರದಿ'. 16 ಚುಕ್ಕಿಯೊಳಗೆ ಒತ್ತು ಸೇರಿಸುವಾಗ 'ಮ್ಮ' ನಜ್ಜುಗುಜ್ಜಾಗಿ 'ನ್ನ' ಥರ ಕಾಣುತ್ತಿತ್ತು. ಪ್ರೋಗ್ರಾಮಿನಲ್ಲಿ ಏನೂ ಬದಲಿಸಬೇಕಿಲ್ಲ, ಅಕ್ಷರಗಳಿರುವುದು ಚಿತ್ರದ ಚಿಪ್ಪಿನಲ್ಲಿ ಮಾತ್ರ. ಮ ಅಕ್ಷರದ ಬಲಗಡೆಯ ಸುರುಳಿಗೆ ಎರಡು ಚುಕ್ಕಿ ಜಾಗ ಬಿಡಿಸಿ ಹೊಸದಾಗಿ ಬರೆದಿಟ್ಟಿದ್ದೇನೆ. ಆ ಒಂದು ಚಿಪ್ಪನ್ನು ಬೇಸಿನಿಂದ ಕಿತ್ತು, ಸ್ಟಿಕ್ಕರ್ ಸುಲಿದು ಲ್ಯಾಂಪಿನ ಕೆಳಗಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.